ಮೀನಿಲ್ಲದ ದಿನದ ಗುಳಿಗೆ

ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಆಯಿಯ, ಅಂದರೆ ನನ್ನ ಅಮ್ಮನ, ಕೈಬೆರಳು ಮಡಚುತ್ತಿರಲಿಲ್ಲ. ಎಷ್ಟು ಹೊತ್ತು ಹಾಗಿರುತ್ತದೆ ಎಂದು ಕಾರವಾರದ ಡಾಕ್ಟರು ಕೇಳಿದರು.

"ಕಿನ್ನರ ಊರಿನ ಮೊದಲ್ನೇ ಬಸ್ಸು ಹೋಗಿ, ಎರಡ್ನೇದು ಬರೂವರೆಗೆ," ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ಒಂದೂವರೆ ತಾಸು ಎಂದೆ.

ರಕ್ತ ಪರೀಕ್ಷೆಯಾದ ಮೇಲೆ ಅವರು ವಿವರಿಸಿದರು: ಇದು ಸಂಧಿವಾತ, ಮೈ ಕಾಯಬೇಕಾದ ಶಕ್ತಿಯೇ ಗಂಟುಗಳ ಮೇಲೆ ಬಿದ್ದು ಬಾವು ಬರಿಸುತ್ತಿದೆ.

"ಬೇಲೀನೇ ಎದ್ದು ಗದ್ದೆ ಮೇಯ್ದಂಗೆ," ಎಂದಳು ಆಯಿ. ವಿವರಿಸಲು ಡಾಕ್ಟರಿಗೆ ಇನ್ನೇನೂ ಉಳಿಯಲಿಲ್ಲ. ಆ ಶಕ್ತಿಯನ್ನು ತಗ್ಗಿಸುವ ಗುಳಿಗೆ ಬರೆದರು. ವಾರಕ್ಕೆ ಒಂದೇ, ಹೆಚ್ಚಾದರೆ ಜೀವಕ್ಕೇ ಅಪಾಯ ಎಂದು ನನಗೆ ಎರಡು ಸಲ ಹೇಳಿದರು.

ಆಯಿಗೆ ನೆನಪಿರಲೆಂದು ನಾನೊಂದು ಉಪಾಯ ಹೂಡಿದೆ. ನಮ್ಮಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ. ಆಯಿ ವಾರ ಮರೆತರೂ ಅದನ್ನು ಮರೆಯುವವಳಲ್ಲ. "ಮೀನಿಲ್ಲದ ದಿನ ಊಟ ಆದ್ಮೇಲೆ ಒಂದು ಗುಳಿಗೆ ತಕೋ, ಅಷ್ಟೇ," ಎಂದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಆಫೀಸಿನಲ್ಲೂ ಇಬ್ಬರಿಗೆ ಹೇಳಿಕೊಂಡೆ. ಮೂರು ತಿಂಗಳಲ್ಲಿ ಆಯಿ ಮತ್ತೆ ತೆಂಗಿನಕಾಯಿ ತುರಿಯತೊಡಗಿದಳು.

ಆಮೇಲೆ ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮಲ್ಲಿ ತಿಂಗಳಿಡೀ ಮೀನಿಲ್ಲ.

ಹತ್ತನೇ ದಿನ ಆಯಿ ಗಂಜಿಯನ್ನೂ ನುಂಗಲಾರದೆ ತಟ್ಟೆ ಸರಿಸಿದಳು. ಬಾಯಿ ತುಂಬ ಹುಣ್ಣು. ಉಪ್ಪಿನಕಾಯಿ ಹೆಚ್ಚಾಯಿತು ಎಂದು ನಾನೇ ಪಂಡಿತನ ಹಾಗೆ ತೀರ್ಮಾನ ಕೊಟ್ಟೆ. ಎರಡು ದಿನಕ್ಕೆ ಜ್ವರ ಏರಿತು. ಆಸ್ಪತ್ರೆಗೆ ಒಯ್ಯುವಾಗ ಔಷಧದ ಡಬ್ಬಿ ತೆಗೆದರೆ, ಹತ್ತು ಗುಳಿಗೆಯ ಹೊಸ ಪಟ್ಟಿ ಖಾಲಿಯಾಗಿತ್ತು. ಆ ಖಾಲಿ ಪಟ್ಟಿಯನ್ನೇ ಒಯ್ದು ಡಾಕ್ಟರಿಗೆ ತೋರಿಸಿದೆ.

ಉಳಿಯುವುದು ಕಷ್ಟ ಎಂದು ಮೊದಲ ಮೂರು ದಿನ ಹೇಳಿದರು. ಒಂಬತ್ತನೇ ದಿನ ಜ್ವರ ಇಳಿದು, ಗಂಜಿ ಗಂಟಲಲ್ಲಿ ಇಳಿಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಕಾಗದ ಬರೆಯುತ್ತ ಕೇಳಿದರು, "ದಿನಾ ತಗೊಳ್ಳಿ ಅಂತ ಹೇಳಿದ್ದು ಯಾರು?"

ಆಯಿ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ಲ, ಡಾಕ್ಟ್ರೇ. ನಂಗೇ ಮರವು."

ರೋಗಿಗೆ ಮರೆವು ಎಂದು ಅವರು ಬರೆದುಕೊಂಡರು. ಹೇಳಿದ್ದು ನಾನೇ ಎಂದು ನಾನು ಬಾಯಿ ಬಿಡಲಿಲ್ಲ.

ಡಾಕ್ಟರು ಆಚೆ ಹೋದ ಮೇಲೆ ಆಯಿ ನನ್ನ ಕೈ ಹಿಡಿದಳು. ಬೆರಳು ಚೆನ್ನಾಗಿಯೇ ಮಡಚುತ್ತಿದ್ದವು.

"ನೀ ಹೇಳ್ದಂಗೇ ತಕಂಡೆ ಮಗಾ," ಎಂದಳು. "ಒಂದ್ ದಿನಾನೂ ತಪ್ಪಿಸ್ಲಿಲ್ಲ."