ಹೆರಿಗೆ ವಾರ್ಡು ಮತ್ತು ರೈಲ್ವೆ ಗೇಟು

ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಕ್ಷಮಿಸಿ. ಬರೆಯುತ್ತಿರುವುದೇ ಮೊದಲ ಸಲ. ನಮ್ಮ ಭದ್ರಾವತಿ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಶಿವಮೊಗ್ಗಕ್ಕೆ ಸ್ಥಳಾಂತರಿಸುತ್ತಾರೆಂದು ತಿಳಿದಾಗ ಸಹಿ ಸಂಗ್ರಹಿಸಿ, ಅಲ್ಲಿಯ ಅಧಿಕಾರಿಗೆ ಮನವಿ ಕೊಡಲು ಹೋದೆವು. ಹೋದೆವು ಅಂದರೆ ನಾನು ಮತ್ತು ಪಕ್ಕದ ಮನೆಯ ಸಾವಿತ್ರಮ್ಮ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಒಂದು ಗಂಟೆ ತಡವಾಯಿತು.

“ಹನ್ನೊಂದಕ್ಕೆ ಬನ್ನಿ ಅಂದಿದ್ದೆನಲ್ರೀ?” ಎಂದರು ಸಾಹೇಬರು.

“ಗೇಟು ಹಾಕಿತ್ತು ಸಾರ್,” ಎಂದೆ.

“ಗೇಟು ಇರೋದು ಗೊತ್ತಲ್ಲ, ಬೇಗ ಹೊರಡಬೇಕಪ್ಪ.”

ಸಾವಿತ್ರಮ್ಮ ಮನವಿಯನ್ನು ಮೇಜಿನ ಮೇಲಿಟ್ಟರು. “ಆಯ್ತು ಸ್ವಾಮಿ. ಹೆರಿಗೆ ನೋವಿಗೂ ಹಾಗೇ ಹೇಳ್ತೀವಿ, ಗೇಟು ನೋಡ್ಕೊಂಡು ಬಾ ಅಂತ.”

ಸಾಹೇಬರು ನಗಲಿಲ್ಲ. ವಾರ್ಡು ಹೋಯಿತು.

ಗೇಟು ಅಷ್ಟು ಹೊತ್ತು ಯಾಕೆ ಹಾಕಿರುತ್ತಾರೆ ಅಂದರೆ, ಮೊದಲು ಗೂಡ್ಸ್ ಗಾಡಿ ಬಿಡಬೇಕು, ಆಮೇಲೆ... ಇರಿ, ಮನೆಯವಳು ಕೂಗುತ್ತಿದ್ದಾಳೆ. ಬಸುರಿ ಮಗಳನ್ನು ಶಿವಮೊಗ್ಗಕ್ಕೆ ತಪಾಸಣೆಗೆ ಕರೆದೊಯ್ಯಬೇಕು. ಡಾಕ್ಟರು ಬರಹೇಳಿರುವುದು ಹತ್ತಕ್ಕೆ, ಈಗ ಆರೂವರೆ.