ಟೆಂಡರಿಗೆ ಬಿದ್ದ ರಾಜೀನಾಮೆ

ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಡತ ಹೊತ್ತ ಗುಮಾಸ್ತರಿಗೆ ಮಂಡಿ ಸವೆದಿತ್ತು. ಕಡತಗಳೆಲ್ಲ ಮೂರನೆಯ ಮಹಡಿಯಲ್ಲಿ, ಕೇಳುವವರೆಲ್ಲ ಕೆಳಗೆ. ಕೆಲಸ ಬಿಟ್ಟು ಹೆಂಡತಿಯ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದುಕೊಂಡು ಕೂತರಾಯಿತು ಎಂದುಕೊಂಡರು. ಪಕ್ಕದ ಮನೆಯ ಮೇಷ್ಟ್ರು ಗತ್ತಿನ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟರು: ‘ಐ ಟೆಂಡರ್ ಮೈ ರೆಸಿಗ್ನೇಷನ್.’

“ಟೆಂಡರ್ ಅಂದ್ರೆ ಕಾಂಟ್ರಾಕ್ಟಿಗೆ ಹಾಕೋದಲ್ವಾ ಮೇಷ್ಟ್ರೇ?”

“ಅಯ್ಯೋ, ಸಲ್ಲಿಸೋದು ಅಂತ. ಕೊಡೋದಕ್ಕಿಂತ ಒಂದು ತೂಕ ಜಾಸ್ತಿ.”

ಪತ್ರ ನೇರವಾಗಿ ಟೆಂಡರ್ ವಿಭಾಗಕ್ಕೆ ಹೋಯಿತು. ಮೂರನೆಯ ದಿನ ಅಲ್ಲಿನ ಮೇಡಂ ಕರೆಸಿದರು.

“ಒಂದೇ ಟೆಂಡರ್ ಬಂದ್ರೆ ತೆರೆಯೋ ಹಾಗಿಲ್ಲ ರೀ. ಕನಿಷ್ಠ ಮೂರು ಬೇಕು.”

“ಮೇಡಂ, ಅದು ನನ್ನ ರಾಜೀನಾಮೆ.”

“ನಿಮ್ಮದೇ ಆಗ್ಲಿ. ನಾಳೆ ಇನ್ಯಾರೋ ನಮಗ್ಯಾಕೆ ಅವಕಾಶ ಕೊಡ್ಲಿಲ್ಲ ಅಂತ ಕೋರ್ಟಿಗೆ ಹೋದ್ರೆ?”

ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಿತ್ತು. ಒಂದು ವಾರ ಕಾದರೂ ಯಾರೂ ಮುಂದೆ ಬರಲಿಲ್ಲ. ತಾನೂ ಒಂದು ರಾಜೀನಾಮೆ ಹಾಕುವಂತೆ ಗುಮಾಸ್ತರು ಹೆಂಡತಿಯನ್ನು ಹೇಗೋ ಒಪ್ಪಿಸಿದರು. ಬಾಮೈದ ಮಾತ್ರ ಜಗ್ಗಲಿಲ್ಲ.

“ನಾನು ಅಲ್ಲಿ ಕೆಲಸಕ್ಕೇ ಸೇರಿಲ್ವಲ್ಲ ಭಾವ, ಬಿಡೋದು ಹ್ಯಾಗೆ?”

“ಬಿಡೋದಕ್ಕೆ ಎಂಥ ಅನುಭವ ಬೇಕೋ? ಸೈನ್ ಹಾಕು.”

ಎಲ್ಲರ ಎದುರು ಅರಗು ಒಡೆದು ಮೂರು ಲಕೋಟೆ ತೆರೆದರು. ಗುಮಾಸ್ತರು ಒಂದು ತಿಂಗಳ ಗಡುವು ಕೇಳಿದ್ದರು, ಹೆಂಡತಿ ಹದಿನೈದು ದಿನ. ಬಾಮೈದ ‘ಈಗಲೇ’ ಎಂದು ಗೀಚಿದ್ದ. ಅತಿ ಕಡಿಮೆ ಅವಧಿ ಅವನದೇ, ಅವನ ರಾಜೀನಾಮೆಯೇ ಅಂಗೀಕಾರವಾಯಿತು.

ಬೀಳ್ಕೊಡುಗೆಗೆ ಕುರ್ಚಿ ಜೋಡಿಸಿದವರು ಗುಮಾಸ್ತರೇ. ಸಾಹೇಬರು ಬಾಮೈದನ ಸುದೀರ್ಘ ಸೇವೆಯನ್ನು ಹೊಗಳಿ ಗೋಡೆ ಗಡಿಯಾರ ಕೊಟ್ಟರು. ಅವನು ಅದನ್ನು ಎದೆಗವಚಿಕೊಂಡ.

“ಇಂಥ ಆಫೀಸು ಬಿಟ್ಟು ಹೋಗೋಕೆ ಮನಸ್ಸೇ ಇಲ್ಲ” ಎಂದು ಕಣ್ಣೊರೆಸಿಕೊಂಡ. ಗುಮಾಸ್ತರಿಗೂ ಕಣ್ಣು ತುಂಬಿತು, ಹೊಟ್ಟೆಕಿಚ್ಚಿಗೆ.

ಮರುದಿನ ಅವರು ಹಾಳೆಯೊಂದನ್ನು ಹರಿದು, ‘ನಾಳೆಯಿಂದ ನಾನು ಬರುವುದಿಲ್ಲ’ ಎಂದಷ್ಟೇ ಕನ್ನಡದಲ್ಲಿ ಬರೆದು ಮೇಜಿನ ಮೇಲಿಟ್ಟು ಮನೆಗೆ ನಡೆದರು. ಸಾಹೇಬರು ಅದರ ಅಂಚಿನಲ್ಲಿ ‘ರಜೆ ಮಂಜೂರು’ ಎಂದು ಸಹಿ ಮಾಡಿದರು. ಎಲ್ಲಿಯವರೆಗೆ ಎಂದು ಇಬ್ಬರೂ ಬರೆದಿರಲಿಲ್ಲ.

ಇದಾಗಿ ಒಂಬತ್ತು ವರ್ಷ. ಗುಮಾಸ್ತರು ಅಂಗಡಿಯ ಕಿಟಕಿ ಪಕ್ಕ ಕಾಲು ಚಾಚಿ ಕೂತು, ಸೂಜಿಗೆ ದಾರ ಪೋಣಿಸಿಕೊಡೆಂದು ಹೆಂಡತಿಯನ್ನು ಕೂಗುತ್ತಿರುತ್ತಾರೆ.