ತಂಗಿಯ ಪಾಪನಿವೇದನೆ

ನನಗೆ ಬಾಯಿ ಜಾಸ್ತಿ. ತಂಗಿಯ ಪಾಲಿನ ಮಾತನ್ನೂ ದೇವರು ನನಗೇ ಕೊಟ್ಟುಬಿಟ್ಟ ಎಂದು ಹೊನ್ನಾವರದ ನಮ್ಮ ಕೇರಿಯವರು ನಗಾಡುತ್ತಿದ್ದರು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತಿಲ್ಲ. ಶಾಲೆಗೂ ಕಳಿಸಲಿಲ್ಲ. ಮನೆಯಲ್ಲೇ ಹುಟ್ಟಿದ ಕೈಸನ್ನೆ ಅವಳ ಭಾಷೆ. ಕೊರಳ ಶಿಲುಬೆ ಮುಟ್ಟಿದರೆ ಅಮ್ಮ, ಕಣ್ಣಿನ ಸುತ್ತ ಬೆರಳಾಡಿಸಿದರೆ ಕನ್ನಡಕದ ನಾನು. ಅದು ತಿಳಿಯುತ್ತಿದ್ದುದು ನಮ್ಮ ಮೂವರಿಗೆ ಮಾತ್ರ.

ಈಸ್ಟರಿಗೆ ಮುಂಚೆ ಇಗರ್ಜಿಯಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುತ್ತೇವೆ. ಒಬ್ಬೊಬ್ಬರೇ ಮಂಡಿಯೂರಿ, ಪಾದ್ರಿಯ ಕಿವಿಗೆ ಮಾತ್ರ ಬೀಳುವಂತೆ ತಪ್ಪು ಹೇಳಿಕೊಳ್ಳುತ್ತೇವೆ. ತಂಗಿಗೆ ಆ ಗುಟ್ಟಿರಲಿಲ್ಲ. ಅಮ್ಮ ಪಕ್ಕದಲ್ಲಿ ಮಂಡಿಯೂರಿ, ಅವಳ ಕೈ ನೋಡಿ ಪಾದ್ರಿಗೆ ಹೇಳುತ್ತಿದ್ದಳು. ಪ್ರತಿ ವರ್ಷವೂ ಅದೇ: ಬೆಲ್ಲ ಕದ್ದಳು, ಹಟ ಮಾಡಿದಳು. ಮೂವತ್ತು ದಾಟಿದ ಹೆಂಗಸಿನ ಅಪರಾಧ ಬೆಲ್ಲ! ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಅವಳಿಗೆ ಎಂತ ತಿಳೀತದೆ ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಮೊದಲ ವರ್ಷವೇ ತಂಗಿ ಮಂಡಿಯೂರಿ, ಬೆರಳಲ್ಲಿ ಸೂಜಿ ಹಿಡಿದು ಹೊಲಿದಂತೆ ಮಾಡಿದಳು. ಕುಮಟೆಯಿಂದ ಅವಳನ್ನು ಕೇಳಿಕೊಂಡು ಬಂದಿದ್ದ ದರ್ಜಿಯ ಗುರುತು ಅದು. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ಇಬ್ಬರೂ ಹೀಗಿದ್ದರೆ ಸಂಸಾರ ಹೇಗೆ ಎಂದು ಅಮ್ಮನ ತಲೆ ತುಂಬಿ, ಚಹಾ ಕೊಟ್ಟು ಅವನನ್ನು ಸಾಗಹಾಕಿದವಳು ನಾನು. ತಂಗಿಯನ್ನು ಯಾರೂ ಕೇಳಲಿಲ್ಲ. ಹತ್ತು ವರ್ಷ ಕಳೆದಿತ್ತು, ಮರೆತಿದ್ದಾಳೆ ಎಂದುಕೊಂಡಿದ್ದೆ.

ಅವಳು ಕಣ್ಣಿನ ಸುತ್ತ ಬೆರಳಾಡಿಸಿದಳು, ಯಾರನ್ನೋ ಅಟ್ಟಿದಂತೆ ಕೈ ಕೊಡವಿದಳು, ಮುಷ್ಟಿಯಿಂದ ಎದೆಗೆ ಗುದ್ದಿಕೊಂಡಳು. ಕೊನೆಗೆ ಎದೆಯ ಮೇಲೆ ಕೈ ಜೋಡಿಸಿ, ಹೆಣದ ಹಾಗೆ ಕಣ್ಣು ಮುಚ್ಚಿದಳು. ಅಕ್ಕ ಅವನನ್ನು ಓಡಿಸಿದಳು, ದಿನವೂ ಸಿಟ್ಟು ಬರುತ್ತದೆ, ಅವಳು ಸಾಯಲಿ ಅನಿಸುತ್ತದೆ.

ಎದುರು ಕೂತವರು ಮನೆ ಆಶೀರ್ವಾದಕ್ಕೆ ಬಂದು ನಮ್ಮ ಜಗಲಿಯಲ್ಲಿ ಚಹಾ ಕುಡಿಯುವ ಪಾದ್ರಿ. ನಾನು ಶಾಲೆಯ ಟೀಚರು, ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುವವಳು.

"ಬೆಲ್ಲ ಕದ್ದಳಂತೆ ಫಾದರ್" ಎಂದೆ.

ಅಮ್ಮನೂ ಅಷ್ಟು ವರ್ಷ ಹೀಗೇ ಮಾಡಿದ್ದಳೋ ಏನೋ, ಈಗ ಯಾರನ್ನು ಕೇಳಲಿ? ಪಾದ್ರಿ ನಗುತ್ತ ಮೂರು ಬೆರಳು ತೋರಿಸಿದರು. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಪ್ರಾರ್ಥನೆ, ಪ್ರತಿ ವರ್ಷದ ಅದೇ ಮೂರು. ತಂಗಿ ಆ ಬೆರಳು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು.

ಆಮೇಲೆ ಆರು ವರ್ಷ ಅವಳು ಪಾಪನಿವೇದನೆಗೆ ಬರಲಿಲ್ಲ. ಪಾಪ ಹೇಳಿಕೊಳ್ಳದೆ ಪೂಜೆಯ ಪರಮಪ್ರಸಾದ ತೆಗೆದುಕೊಳ್ಳಬಾರದು, ಅದಕ್ಕೂ ಏಳಲಿಲ್ಲ. ಎಲ್ಲರೂ ಸಾಲು ಹೊರಟಾಗ ಬೆಂಚಿನಲ್ಲೇ ಕೂತಿರುತ್ತಿದ್ದಳು. ಅವಳಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಜನ ನನಗೆ ಸಮಾಧಾನ ಹೇಳಿದರು. ಥೂ, ಆ ಸಮಾಧಾನವನ್ನೂ ನುಂಗಿಕೊಂಡೆ.

ಕಳೆದ ವರ್ಷ ಬಂದ ಹೊಸ ಪಾದ್ರಿ, ಸನ್ನೆಭಾಷೆ ಬಲ್ಲ ಸಿಸ್ಟರೊಬ್ಬರನ್ನು ಕರೆಸಿ, ಭಟ್ಕಳ, ಕುಮಟೆಯಿಂದಲೂ ಕಿವುಡರನ್ನು ಸೇರಿಸಿ ಪೂಜೆ ಮಾಡಿದರು. ಶಾಲೆ ಕಲಿತ ಹುಡುಗಿಯರ ಕೈಗಳು ಪಟಪಟ ಮಾತಾಡಿದವು. ನಮ್ಮ ಮನೆಯ ಸನ್ನೆ ಬಿಟ್ಟು ಬೇರೆ ಬಾರದ ತಂಗಿಗೆ ಒಂದೂ ತಿಳಿಯಲಿಲ್ಲ. ನಲವತ್ತೈದರ ಹೆಂಗಸು ಆ ಮಕ್ಕಳ ನಡುವೆ ಕೈ ಕಟ್ಟಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಪಾದ್ರಿಯ ಬಳಿ ಹೋಗಿ ನನ್ನ ತಪ್ಪು ಹೇಳಿ ಅತ್ತೆ.

"ಅವರು ಒಬ್ಬರೇ ಬರಲಿ. ನನಗೆ ಅರ್ಥ ಆಗೂದಿಲ್ಲ, ಅಡ್ಡಿಲ್ಲ. ಕೇಳೂ ದೇವರು ಕೇಳ್ತಾನೆ. ನೀವು ಹೊರಗೆ ನಿಲ್ಲಿ" ಎಂದರು.

ಮರುದಿನ ತಂಗಿಯನ್ನು ಕರೆದುಕೊಂಡು ಹೋದೆ. ನೀನೊಬ್ಬಳೇ ಎಂದು ತೋರಿಸಿದರೆ ಬಹಳ ಹೊತ್ತು ನಂಬಲಿಲ್ಲ. ಆಮೇಲೆ ಪಾದ್ರಿ ಕೂತಿದ್ದ ಪರದೆಯೊಳಗೆ ಹೋಗಿ ಮಂಡಿಯೂರಿದಳು. ಕೈ ಆಡತೊಡಗಿತು. ನಾನು ಹೊರಗೆ ನಿಂತಿದ್ದರೂ, ಇಷ್ಟು ವರ್ಷದ ಅಭ್ಯಾಸ ನೋಡಿ, ಪರದೆಯ ಸಂದಿಯಿಂದ ಅವಳ ಬೆರಳನ್ನೇ ಓದುತ್ತಿದ್ದೆ. ಅವಳು ತಟ್ಟನೆ ತಿರುಗಿ ನನ್ನನ್ನು ಕಂಡಳು. ಕಣ್ಣಿನ ಸುತ್ತ ಬೆರಳಾಡಿಸಿ, ಕೈ ಕೊಡವಿದಳು. ಪರದೆ ಎಳೆದಳು.

ಅಂಗಳಕ್ಕೆ ಬಂದು ನಿಂತೆ. ಅರ್ಧ ಗಂಟೆಯಾಯಿತು. ಹೊರಬಂದಾಗ ಅವಳ ಕಣ್ಣು ಊದಿತ್ತು. ಆ ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ನನಗಿಂತ ಮುಂದೆ ನಿಂತಳು. ಒಳಗೆ ಏನು ಹೇಳಿದಳೋ, ಪಾದ್ರಿಗೆ ತಿಳಿಯಲಿಲ್ಲ, ನಾನು ನೋಡಲಿಲ್ಲ. ಅವಳ ಭಾಷೆ ಬಲ್ಲವಳು ಇನ್ನು ನಾನೊಬ್ಬಳೇ. ನನ್ನ ಹತ್ತಿರ ಅವಳು ಅನ್ನ, ನೀರು, ಮೀನು, ಇಷ್ಟನ್ನೇ ಹೇಳುತ್ತಾಳೆ.